ಬೇರೆಯವರ ಪೆಟ್ಟಿಗೆಯ ಫ್ರಾಕು

ನೆಕ್ರಾಜೆ
3 ಜುಲೈ 2023

ಮೊಗ್ರಾಲಿನ ಕಾರ್ಗೋ ಆಫೀಸಿನವರಿಗೆ,

ನಿಮ್ಮಲ್ಲಿ ಕನ್ನಡ ಓದಲು ಬರುವವರು ಯಾರಾದರೂ ಇದ್ದರೆ ಈ ಕಾಗದವನ್ನು ಅವರ ಕೈಗೆ ಕೊಡಿ. ನನಗೆ ಮಲಯಾಳ ಮಾತನಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಫೋನು ಮಾಡಬಹುದಿತ್ತಲ್ಲ ಎನ್ನಬೇಡಿ. ನನ್ನ ಎರಡು ಕಿವಿಗಳೂ ಕೇಳುವುದನ್ನು ನಿಲ್ಲಿಸಿ ವರ್ಷಗಳಾದವು. ಮನೆಯಲ್ಲಿರುವ ಫೋನು ಮಗಳದ್ದು. ಇದನ್ನು ಅವಳಿಗೆ ತಿಳಿಯದಂತೆ ಬರೆಯುತ್ತಿದ್ದೇನೆ.

ನನ್ನ ಹೆಸರು ಸುಂದರಿ. ಇಲ್ಲಿನ ಅಂಗನವಾಡಿಯಲ್ಲಿ ಹೆಲ್ಪರ್ ಆಗಿದ್ದು ನಿವೃತ್ತಳಾದವಳು. ನನ್ನ ಮಗ ಹರಿನಾಥ ಶಾರ್ಜಾದ ಒಂದು ಸೂಪರ್ ಮಾರ್ಕೆಟಿನಲ್ಲಿ ಕೆಲಸಕ್ಕಿದ್ದ. ಮೇ ತಿಂಗಳಲ್ಲಿ ಮಲಗಿದಲ್ಲೇ ಹೋದ. ಹೃದಯ ನಿಂತಿತು ಎಂದರು. ಅದಕ್ಕಿಂತ ಸ್ವಲ್ಪ ಮೊದಲು ನಿಮ್ಮ ಮೂಲಕ ಮನೆಗೆ ಒಂದು ಪೆಟ್ಟಿಗೆ ಕಳಿಸಿದ್ದನಂತೆ. ಮಗ ವಿಮಾನದಲ್ಲಿ ಬಂದ, ಪೆಟ್ಟಿಗೆ ಹಡಗಿನಲ್ಲಿ ಬಂತು. ಅವನ ಉತ್ತರಕ್ರಿಯೆ ಮುಗಿದು ನೆಂಟರೆಲ್ಲ ಹೋದ ಮೇಲೆ ನಿಮ್ಮ ವ್ಯಾನಿನವರು ಅದನ್ನು ತಂದು ಜಗಲಿಯಲ್ಲಿ ಇಟ್ಟು ಹೋದರು.

ಬಿಚ್ಚಲು ಕೈ ಬರಲಿಲ್ಲ. ಮಗಳು ಕೆಲಸಕ್ಕೆ ಹೋದ ಒಂದು ಮಧ್ಯಾಹ್ನ ಧೈರ್ಯ ಮಾಡಿದೆ. ಕಂಬಳಿ, ಹಾಲಿನ ಪುಡಿ, ಸಾಬೂನು, ಬಾದಾಮಿ, ನನ್ನ ಮಂಡಿಗೆ ಹಚ್ಚುವ ಮುಲಾಮು, ಅವನು ತೊಟ್ಟು ಬಿಟ್ಟ ಎರಡು ಶರ್ಟು. ಒಂದು ಶರ್ಟಿನ ಒಳಗೆ ಹೆಣ್ಣುಮಗುವಿನ ಫ್ರಾಕು. ಹಳದಿ ಬಣ್ಣದ್ದು, ಅಂಚಿಗೆ ಬಿಳಿ ಬಾತುಕೋಳಿಗಳ ಸಾಲು. ಅಂಗನವಾಡಿಯಲ್ಲಿ ಊರಿನ ಮಕ್ಕಳಿಗೆಲ್ಲ ಬಟ್ಟೆ ಬದಲಿಸಿದವಳು ನಾನು. ಎರಡು ತುಂಬಿ ಮೂರಕ್ಕೆ ಬಿದ್ದ ಮಗುವಿನ ಅಳತೆ ಅದು.

ನಮ್ಮ ನೆಂಟರಲ್ಲಿ ಆ ಪ್ರಾಯದ ಹೆಣ್ಣುಮಗು ಇಲ್ಲ. ಹರಿಗೆ ಮದುವೆಯಾಗಿರಲಿಲ್ಲ. ಆಗಿರಲಿಲ್ಲ ಎಂದು ನಾವು ತಿಳಿದಿದ್ದೆವು.

ನಾನು ಕೇಳುವುದು ಇಷ್ಟೇ. ಶಾರ್ಜಾದಲ್ಲಿ ಪೆಟ್ಟಿಗೆ ಒಪ್ಪಿಸಲು ಬಂದಾಗ ಹರಿನಾಥನ ಜೊತೆ ಯಾರಾದರೂ ಇದ್ದರೇ? ಒಬ್ಬಳು ಹೆಂಗಸು, ಒಂದು ಮಗು? ಅಲ್ಲಿನ ನಿಮ್ಮವರನ್ನು ವಿಚಾರಿಸಿ ತಿಳಿಸಿದರೆ ನಿಮ್ಮ ಉಪಕಾರ ಸಾಯುವವರೆಗೆ ಮರೆಯುವುದಿಲ್ಲ.

ಉತ್ತರ ಕಾಯುವ,
ಸುಂದರಿ


ಮೊಗ್ರಾಲ್
11 ಜುಲೈ 2023

ಸುಂದರಿಯಮ್ಮನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಆಫೀಸಿನ ಮೇಜಿನ ಮೇಲೆ ಕೆಲವು ದಿನ ಹಾಗೆಯೇ ಬಿದ್ದಿತ್ತು. ಅಲ್ಲಿ ಕನ್ನಡ ಓದುವವರಿಲ್ಲ. ಕೊನೆಗೆ ಮ್ಯಾನೇಜರಿಗೆ ನಾನು ಕನ್ನಡ ಶಾಲೆಯವನು ಎಂದು ನೆನಪಾಗಿ ಗೋಡೌನಿನಿಂದ ಕರೆಸಿದರು. ನನ್ನ ಹೆಸರು ಧನರಾಜ್. ಇಲ್ಲಿ ಲೋಡಿಂಗ್ ಕೆಲಸದವನು. ಪೆಟ್ಟಿಗೆ ಇಳಿಸುವುದು, ಏರಿಸುವುದು, ಒಡೆದದ್ದನ್ನು ಕಟ್ಟುವುದು, ಇಷ್ಟೇ ನನಗೆ ಗೊತ್ತು. ಶಾಲೆ ಬಿಟ್ಟ ಮೇಲೆ ಇಷ್ಟು ಬರೆಯುವುದು ಇದೇ ಮೊದಲು. ಅಕ್ಷರ ನೋಡಿ ನಗಬೇಡಿ.

ಕಾಗದವನ್ನು ಓದಿ ಹೇಳಿದಾಗ ಮ್ಯಾನೇಜರ್, ಕಂಪೆನಿ ಜವಾಬ್ದಾರಿಯಲ್ಲ ಎಂದು ಬರೆದು ಹಾಕು ಎಂದರು. ಅದನ್ನು ಬರೆದಾಯಿತು ಎಂದು ತಿಳಿದುಕೊಳ್ಳಿ. ಇನ್ನು ನಡೆದದ್ದನ್ನು ಹೇಳುತ್ತೇನೆ.

ಆ ಲಾರಿ ಬಂದ ದಿನ ಜೋರು ಮಳೆ. ದಾರಿಯಲ್ಲಿ ಟಾರ್ಪಾಲು ಹರಿದು ಮೇಲಿನ ಸಾಲಿನ ಪೆಟ್ಟಿಗೆಗಳು ನೆನೆದಿದ್ದವು. ನೆನೆದ ರಟ್ಟಿನ ಪೆಟ್ಟಿಗೆಯನ್ನು ತಲೆಯ ಮೇಲೆ ಇಟ್ಟರೆ ಅಡಿ ಬಿಡುತ್ತದೆ. ನಾನು ಹೊತ್ತದ್ದು ನಿಮ್ಮ ಮಗನ ಪೆಟ್ಟಿಗೆ. ಗೋಡೌನಿನ ಬಾಗಿಲಲ್ಲೇ ಅಡಿ ಬಿಟ್ಟಿತು. ನನ್ನ ಹಿಂದೆ ಬರುತ್ತಿದ್ದ ಜೊತೆ ಕೆಲಸದ ಕುಂಞ ನನಗೆ ಢಿಕ್ಕಿ ಹೊಡೆದು ಅವನ ತಲೆಯ ಮೇಲಿದ್ದದ್ದೂ ಬಿತ್ತು. ಅದು ಕುಂಬ್ಡಾಜೆಯ ಒಂದು ಮನೆಗೆ ಹೋಗಬೇಕಾದ ಪೆಟ್ಟಿಗೆ. ಹಳದಿ ಫ್ರಾಕು ಅದರಿಂದ ಜಾರಿ ನೀರಿಗೆ ಬಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕುಂಞ ಅದನ್ನು ಹಿಂಡಿ, "ಪಾಪ, ಯಾವುದೋ ಮಗುವಿಂದು ಮಾರಾಯ" ಎಂದು ಒಣಗಲು ಹಗ್ಗದಲ್ಲಿ ಹಾಕಿದ.

ಅಮ್ಮ, ಗಲ್ಫಿನ ಪೆಟ್ಟಿಗೆ ಒಡೆದದ್ದು ಮನೆಯವರಿಗೆ ಗೊತ್ತಾದರೆ ಮತ್ತೆ ಬಾದಾಮಿ ಒಂದು ಹಿಡಿ ಕಡಿಮೆ ಕಂಡರೂ ಕದ್ದವರು ನಾವೇ. ಆದ್ದರಿಂದ ಒಡೆದದ್ದನ್ನು ಒಡೆದ ಹಾಗೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಹೊಸ ರಟ್ಟಿನ ಪೆಟ್ಟಿಗೆಗೆ ತುಂಬಿ, ಹಳೆಯದರಲ್ಲಿ ಹೆಸರು ಬರೆದ ಬದಿಯನ್ನು ಕತ್ತರಿಸಿ ಅಂಟಿಸಿ, ಮೊದಲಿನ ಹಗ್ಗವನ್ನೇ ಬಿಗಿದು, ಏನೂ ಆಗದ ಹಾಗೆ ಕಳಿಸುತ್ತೇವೆ. ಒಳಗೆ ಸಂದು ಉಳಿದರೆ ಪೆಟ್ಟಿಗೆ ಕುಸಿಯುತ್ತದೆ. ಆ ಸಂದಿಗೆ ಬಟ್ಟೆ ತುರುಕುವುದು ಅಭ್ಯಾಸ. ಹಗ್ಗದಲ್ಲಿದ್ದ ಬಟ್ಟೆಗಳನ್ನು ಅವಸರದಲ್ಲಿ ಎಳೆದು ನಿಮ್ಮ ಪೆಟ್ಟಿಗೆಗೆ ತುಂಬಿದವನು ನಾನು.

ಫ್ರಾಕು ನಿಮ್ಮ ಮಗ ಕಳಿಸಿದ್ದಲ್ಲ. ಕುಂಬ್ಡಾಜೆಯವರು ಇನ್ನೂ ಕೇಳಿ ಬಂದಿಲ್ಲ. ಬಂದಾಗ ವ್ಯಾನಿನವರ ಹತ್ತಿರ ತರಿಸಿಕೊಳ್ಳುತ್ತೇನೆ. ಅಲ್ಲಿಯವರೆಗೆ ಎತ್ತಿಡಿ. ನಿಮಗೆ ಇಂಥ ಹೊತ್ತಿನಲ್ಲಿ ಇದೊಂದು ತೊಂದರೆ ಮಾಡಿ ಹಾಕಿದೆ. ಕ್ಷಮಿಸಿ.

ನಿಮ್ಮ ವಿಶ್ವಾಸಿ,
ಧನರಾಜ್


ನೆಕ್ರಾಜೆ
20 ಜುಲೈ 2023

ಧನರಾಜರಿಗೆ,

ನಿಮ್ಮ ಕಾಗದ ಬಂತು. ಅಕ್ಷರ ಚೆನ್ನಾಗಿಯೇ ಇದೆ. ಬರೆದದ್ದು ಮಾತ್ರ ಚೆನ್ನಾಗಿಲ್ಲ.

ಸಂದಿಗೆ ತುರುಕಿದ ಬಟ್ಟೆ ಎಂದಿರಿ. ತುರುಕಿದ ಬಟ್ಟೆ ಮುದ್ದೆಯಾಗಿರುತ್ತದೆ. ಇದು ಅವನ ಶರ್ಟಿನ ಒಳಗೆ, ತೋಳು ಒಳಕ್ಕೆ ಮಡಚಿ, ಒಪ್ಪವಾಗಿ ಇತ್ತು. ಹಾಗೆ ಇಡಬೇಕಾದರೆ ಪ್ರೀತಿ ಬೇಕು. ನಿಮ್ಮ ಮ್ಯಾನೇಜರಿಗೆ ಹೆದರಿ ಒಂದು ಕಥೆ ಕಟ್ಟಿದಿರಿ ಎಂದು ನನಗೆ ಅನಿಸುತ್ತದೆ. ಶಾರ್ಜಾದಲ್ಲಿ ಸತ್ತವನಿಗೆ ಅಲ್ಲೊಂದು ಸಂಸಾರ ಇತ್ತು ಎಂದಾದರೆ ಪೆಟ್ಟಿಗೆ ಯಾರದ್ದು ಎಂದು ತಕರಾರು ಬರುತ್ತದೆ ಎಂದು ಅವರಿಗೆ ಭಯವೇ? ನಾನು ತಕರಾರು ಮಾಡುವವಳಲ್ಲ.

ಇದು ಯಾಕೆ ಇಷ್ಟು ಮುಖ್ಯ ಎಂದು ನೀವು ಕೇಳಬಹುದು. ನೀವೂ ತುಳುವರೇ ಇರಬೇಕು, ಹೇಳಿದರೆ ತಿಳಿಯುತ್ತದೆ. ಮೊನ್ನೆ ನನ್ನ ಮೈದುನ ಕಿಟ್ಟಣ್ಣ ಬಂದಿದ್ದರು. ನಾನು ತುಟಿ ನೋಡಿ ಮಾತು ಹಿಡಿಯುತ್ತೇನೆ, ಹಿಡಿಯಲಾಗದ್ದನ್ನು ಅವರು ಪಾಟಿಯಲ್ಲಿ ಬರೆದರು. "ಹರಿ ಮದುವೆ ಆಗದೆ ಹೋದವ ಅತ್ತಿಗೆ. ಅವನಿಗೊಂದು ಹುಡುಗಿ ನೋಡ್ಬೇಕು. ವರ್ಷಾಂತ ಕಳೀಲಿ, ಬರುವ ವರ್ಷದ ಆಟಿ ತಿಂಗಳಲ್ಲಿ ಮಾಡಿ ಬಿಡುವ" ಎಂದರು. ಸತ್ತ ಹುಡುಗನಿಗೆ ಸತ್ತ ಹುಡುಗಿಯನ್ನು ತಂದು ಮಾಡುವ ಮದುವೆ. ಅದಾಗದಿದ್ದರೆ ಅವನು ಅರೆಹೊಟ್ಟೆಯಲ್ಲಿ ಮನೆಯ ಸುತ್ತ ತಿರುಗುತ್ತಾನೆ, ತಂಗಿ ನಿಶ್ಮಿತಾಳ ಮದುವೆಗೂ ಅಡ್ಡ ಬರುತ್ತಾನೆ ಎಂದು ಅವರ ಮಾತು. ಬಾಯಾರಿನ ಒಂದು ಮನೆಯಲ್ಲಿ ಎಳವೆಯಲ್ಲೇ ತೀರಿಕೊಂಡ ಹುಡುಗಿ ಇದ್ದಾಳಂತೆ. ಬದುಕಿದ್ದರೆ ಈಗ ಇಪ್ಪತ್ತೆಂಟು ಆಗುತ್ತಿತ್ತು.

ನಾನು ಹೇಗೆ ಹೂಂ ಎನ್ನಲಿ? ಅವನಿಗೆ ಆಗಲೇ ಹೆಂಡತಿ ಇದ್ದರೆ? ಮಗಳಿದ್ದರೆ? ಜೀವ ಇರುವ ಸೊಸೆಯನ್ನು ಬಿಟ್ಟು ಸತ್ತವಳನ್ನು ಒಳಗೆ ಕರೆಯಲೇ?

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಅದು ಕಿಟ್ಟಣ್ಣನಿಗೆ ಹೇಳುವಂಥದ್ದಲ್ಲ. ಮಗು ಇದ್ದರೆ ಹರಿ ಪೂರ್ತಿ ಹೋಗಿಲ್ಲ. ಎಲ್ಲೋ ಒಂದು ಕಡೆ ಅವನ ಮೂಗೋ ಕಿವಿಯೋ ಓಡಾಡಿಕೊಂಡಿದೆ. ನನಗೆ ಅಷ್ಟು ಸಾಕು.

ನಿಮಗೂ ತಾಯಿ ಇರಬಹುದು. ಅವರ ಮೇಲೆ ಆಣೆ ಇಟ್ಟು ಒಂದೇ ಮಾತು ಬರೆಯಿರಿ. ಫ್ರಾಕು ಬೇರೆ ಪೆಟ್ಟಿಗೆಯಿಂದ ಬಿದ್ದದ್ದನ್ನು ನೋಡಿದ್ದೀರಾ, ಇಲ್ಲವಾ?

ಸುಂದರಿ


ಮೊಗ್ರಾಲ್
29 ಆಗಸ್ಟ್ 2023

ಸುಂದರಿಯಮ್ಮನಿಗೆ,

ಉತ್ತರ ತಡವಾಯಿತು. ಓಣಂ ಹತ್ತಿರ ಬಂದಾಗ ಇಲ್ಲಿ ಉಸಿರು ಬಿಡಲು ಪುರುಸೊತ್ತು ಇರುವುದಿಲ್ಲ.

ನಾನು ನೋಡಿಲ್ಲ. ಮೊದಲ ಕಾಗದ ಮ್ಯಾನೇಜರ್ ಹೇಳಿದ ಹಾಗೆ ಬರೆದದ್ದು. ಫ್ರಾಕು ನಿಮ್ಮ ಮಗನ ಪೆಟ್ಟಿಗೆಯಲ್ಲಿಯೇ ಇತ್ತು.

ಇದನ್ನು ಆಫೀಸಿಗೆ ತಿಳಿಸಬೇಡಿ. ಇನ್ನು ಬರೆಯುವುದಿದ್ದರೆ ನನ್ನ ಮನೆಯ ವಿಳಾಸಕ್ಕೆ ಬರೆಯಿರಿ. ಕವರಿನ ಹಿಂದೆ ಬರೆದಿದ್ದೇನೆ. ಆರೋಗ್ಯ ನೋಡಿಕೊಳ್ಳಿ.

ಧನರಾಜ್


ನೆಕ್ರಾಜೆ
21 ಸೆಪ್ಟೆಂಬರ್ 2023

ಪ್ರೀತಿಯ ಧನರಾಜನಿಗೆ,

ಇನ್ನು ಮೇಲೆ ನಿನ್ನನ್ನು ನೀವು ಎನ್ನುವುದಿಲ್ಲ. ನಿನ್ನ ಕಾಗದ ತಂದ ಪೋಸ್ಟಿನವನಿಗೆ ಕೈಹಿಡಿದು ಕೂರಿಸಿ ಪಾಯಸ ಕೊಟ್ಟೆ. ನಮಗೆ ಸೂತಕದ ವರ್ಷ, ಹಬ್ಬವಿಲ್ಲ, ಪಾಯಸವಿಲ್ಲ. ಆದರೂ ಮಾಡಿದೆ. ನಿಶ್ಮಿತಾ ಸಂಜೆ ಬಂದು ಪಾತ್ರೆ ನೋಡಿ, "ಎಂತ ಅಮ್ಮ ಇದು, ನಿಮಗೆ ತಲೆ ಸರಿ ಉಂಟಾ?" ಎಂದಳು. ಆಗ ಎಲ್ಲ ಹೇಳಿದೆ. ಫ್ರಾಕು ತೋರಿಸಿದೆ, ನಿನ್ನ ಕಾಗದವನ್ನೂ ತೋರಿಸಿದೆ. ಅವಳು ಓದಿದಳು. ಆಮೇಲೆ ಫ್ರಾಕನ್ನು ತೆಗೆದುಕೊಂಡು ಮೂಸಿ ನೋಡಿದಳು. ಅಣ್ಣನ ಮೇಲೆ ಅವಳಿಗೂ ಆಸೆ ಇರುವುದಿಲ್ಲವೇ?

ಕಿಟ್ಟಣ್ಣನಿಗೆ ಹೇಳಿ ಕಳಿಸಿದ್ದೇನೆ, ಬಾಯಾರಿನವರಿಗೆ ಬೇಡ ಎಂದು ತಿಳಿಸಿ, ನನ್ನ ಮಗನಿಗೆ ಹೆಂಡತಿ ಮಕ್ಕಳಿದ್ದಾರೆ ಎಂದು. ಅವರು ಬಂದು ಕೂಗಾಡಿದರು. ನನಗೆ ಕೇಳಿಸದ ಕಾರಣ ಕೂಗಾಟ ಅವರಿಗೇ ನಷ್ಟ.

ಹರಿಯ ರೂಮಿನಲ್ಲಿದ್ದ ಮುದ್ದಣ್ಣ ಎಂಬ ಹುಡುಗನಿಗೆ ನಿಶ್ಮಿತಾಳ ಫೋನಿನಿಂದ ಬರೆಸಿದ್ದೇನೆ. ಆ ಹೆಂಗಸು ಯಾರು, ಯಾವ ಊರಿನವಳು ಎಂದು ವಿಚಾರಿಸಲು. ಯಾರಾದರೂ ಆಗಲಿ. ಯಾವ ಜಾತಿ ಎಂದು ಕೇಳುವವಳಲ್ಲ ನಾನು. ಅವಳಿಗೆ ಇಲ್ಲಿಗೆ ಬರಲು ಹೆದರಿಕೆ ಇರಬಹುದು. ಅತ್ತೆ ಕಿವುಡಿ, ಏನು ಬೈದರೂ ಕೇಳಿಸುವುದಿಲ್ಲ, ಧೈರ್ಯವಾಗಿ ಬಾ ಎಂದು ಬರೆಸಿದೆ.

ಮಗುವಿಗೆ ಏನು ಹೆಸರಿಟ್ಟಿದ್ದಾನೋ ಗೊತ್ತಿಲ್ಲ. ಹೆಸರಿಲ್ಲದೆ ಎಷ್ಟು ದಿನ ಎಂದು ನಾನು ಸದ್ಯಕ್ಕೆ ಅಪ್ಪಿ ಎನ್ನುತ್ತಿದ್ದೇನೆ. ನನ್ನ ಅಮ್ಮನ ಹೆಸರು. ಬಂದ ಮೇಲೆ ನಿಜವಾದ ಹೆಸರು ಕರೆದರಾಯಿತು.

ನೀನು ಒಮ್ಮೆ ಮನೆಗೆ ಬಾ. ನಿನಗೆ ಇಷ್ಟವಾದದ್ದು ಮಾಡಿ ಬಡಿಸುತ್ತೇನೆ.

ನಿನ್ನ
ಸುಂದರಿಯಮ್ಮ


ಮೊಗ್ರಾಲ್
14 ನವೆಂಬರ್ 2023

ಸುಂದರಿಯಮ್ಮನಿಗೆ,

ನಿಮ್ಮ ಕಾಗದ ಸಿಕ್ಕಿತು. ಕೆಲಸ ಬಹಳ. ಸೊಂಟ ಹಿಡಿದು ಕೆಲವು ದಿನ ರಜೆಯಲ್ಲಿದ್ದೆ. ಈ ಕಡೆ ಬಿಸಿಲು ಶುರುವಾಗಿದೆ. ನಿಮ್ಮ ಮಂಡಿ ಹೇಗಿದೆ?

ಬರಬೇಕೆಂದಿದ್ದೇನೆ. ನೋಡುತ್ತೇನೆ.

ಧನರಾಜ್


ನೆಕ್ರಾಜೆ
18 ಫೆಬ್ರವರಿ 2024

ಪ್ರೀತಿಯ ಧನರಾಜನಿಗೆ,

ನೋಡುತ್ತೇನೆ ಎಂದವನು ಇನ್ನೂ ನೋಡುತ್ತಲೇ ಇದ್ದೀ. ನಿನ್ನ ಕಾಗದ ಗೇಣುದ್ದವೂ ಇರಲಿಲ್ಲ. ಸೊಂಟ ಹಿಡಿದದ್ದು ಸರಿ, ಕೈಗೆ ಏನಾಗಿತ್ತು?

ಇಲ್ಲಿ ಸುದ್ದಿ ಒಳ್ಳೆಯದಲ್ಲ. ಮುದ್ದಣ್ಣ ಉತ್ತರ ಕೊಟ್ಟ. ಹರಿಗೆ ಅಲ್ಲಿ ಯಾರೂ ಇರಲಿಲ್ಲವಂತೆ. ಕೆಲಸ, ರೂಮು, ಶುಕ್ರವಾರ ಬಟ್ಟೆ ಒಗೆಯುವುದು, ರಜೆಯ ದಿನವೂ ಮಂಚದಲ್ಲಿ ಕೂತು ಫೋನು ನೋಡುವುದು, ಅಷ್ಟೇ ಎಂದ. ಅದನ್ನು ಓದಿ ನನಗೆ ಸಿಟ್ಟು ಬಂತು. ಒಬ್ಬ ಗಂಡಸಿನ ಬದುಕು ಅಷ್ಟೇ ಇರಲು ಸಾಧ್ಯವೇ? ರೂಮಿನವರಿಂದ ಮುಚ್ಚಿಟ್ಟಿರುತ್ತಾನೆ. ಚಿಕ್ಕಂದಿನಿಂದಲೂ ಅವನಿಗೆ ಮುಚ್ಚಿಡುವ ಬುದ್ಧಿ. ನಿನ್ನ ಮಾತು ನನ್ನ ಹತ್ತಿರ ಇಲ್ಲದಿದ್ದರೆ ಮುದ್ದಣ್ಣನನ್ನು ನಂಬಿಬಿಡುತ್ತಿದ್ದೆ.

ನಿಶ್ಮಿತಾಳನ್ನು ನೋಡಿ ಹೋಗಿದ್ದ ಉಪ್ಪಳದ ಕಡೆಯವರು ಬೇಡ ಎಂದರು. ಆ ಮನೆಯ ಮಗ ಕದ್ದು ಸಂಸಾರ ಮಾಡಿದ್ದನಂತೆ, ತಾಯಿಯೇ ಊರಿಗೆಲ್ಲ ಸಾರುತ್ತಿದ್ದಾಳೆ ಎಂದು ಅವರ ಕಿವಿಗೆ ಬಿದ್ದಿದೆ. ಹುಡುಗ ಅವಳಿಗೆ ಮನಸ್ಸಿಗೆ ಬಂದಿದ್ದ. ಈಗ ನಿಶ್ಮಿತಾ ನನ್ನೊಡನೆ ಮಾತನಾಡುವುದಿಲ್ಲ. ಅಂದರೆ ನನ್ನ ಕಡೆ ಮುಖ ಮಾಡುವುದಿಲ್ಲ. ಮುಖ ತೋರಿಸದಿದ್ದರೆ ನನಗೆ ಅವಳು ಮಾತನಾಡಿದ್ದೂ ಒಂದೇ ಬಿಟ್ಟದ್ದೂ ಒಂದೇ.

ನಾನು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದೇನೆ. ನಗಬೇಡ. ಶಾರ್ಜಾಕ್ಕೆ ನಾನೇ ಹೋಗುತ್ತೇನೆ. ಅವನಿದ್ದ ಬೀದಿಯಲ್ಲಿ ಫ್ರಾಕು ಹಿಡಿದು ನಿಂತರೆ ಯಾರಾದರೂ ಗುರುತು ಹಿಡಿದೇ ಹಿಡಿಯುತ್ತಾರೆ. ಅಪ್ಪಿಗೆ ಈಗ ಮೂರು ತುಂಬಿರಬೇಕು. ಈ ಪ್ರಾಯದಲ್ಲಿ ಮಕ್ಕಳು ಅಪ್ಪನನ್ನು ಬೇಗ ಮರೆಯುತ್ತಾರೆ. ಪೂರ್ತಿ ಮರೆಯುವ ಮೊದಲು ನಾನು ಅವಳಿಗೆ ಸಿಗಬೇಕು.

ಹೋಗುವ ಮೊದಲು ನಿನ್ನನ್ನು ನೋಡಬೇಕು. ನಿನಗೆ ಬರಲಾಗದಿದ್ದರೆ ನಾನೇ ಬಸ್ಸು ಹತ್ತಿ ಮೊಗ್ರಾಲಿಗೆ ಬರುತ್ತೇನೆ.

ನಿನ್ನ
ಸುಂದರಿಯಮ್ಮ


ಮೊಗ್ರಾಲ್
2 ಮಾರ್ಚ್ 2024

ಸುಂದರಿಯಮ್ಮನಿಗೆ,

ಪಾಸ್‌ಪೋರ್ಟ್ ಬೇಡ. ಶಾರ್ಜಾಕ್ಕೆ ಹೋಗಬೇಡಿ. ಅಲ್ಲಿ ಯಾರೂ ಇಲ್ಲ.

ನಾನು ಮೊದಲು ಬರೆದ ಕಾಗದವೇ ನಿಜ. ಎರಡನೆಯದು ಸುಳ್ಳು. ಫ್ರಾಕು ಕುಂಬ್ಡಾಜೆಯ ಪೆಟ್ಟಿಗೆಯಿಂದ ಬಿದ್ದದ್ದು. ನಿಮ್ಮ ಮಗನ ಶರ್ಟಿನೊಳಗೆ ಅದನ್ನು ಒಪ್ಪವಾಗಿ ಮಡಚಿ ಇಟ್ಟವನೂ ನಾನೇ. ಹಳದಿ ಬಣ್ಣ ಹಸಿಯಲ್ಲಿ ಬೇರೆ ಬಟ್ಟೆಗಳಿಗೆ ಹಿಡಿಯಬಾರದು ಎಂದು ಒಂದು ಹಳೆಯ ಶರ್ಟಿನಲ್ಲಿ ಸುತ್ತಿದೆ. ಅದರಲ್ಲಿ ಪ್ರೀತಿ ಇರಲಿಲ್ಲ. ಅದು ಕೆಲಸ.

ನೀವು ಆಣೆ ಇಟ್ಟು ಕೇಳಿದ ಕಾಗದವನ್ನು ಗೋಡೌನಿನಲ್ಲಿ ಕೂತು ಓದಿದೆ. ಕುಂಞನಿಗೂ ಓದಿ ಹೇಳಿದೆ. ಅವನ ಕಣ್ಣಲ್ಲಿ ನೀರು ಬಂತು. "ಹೌದು ಅಂತ ಬರೆದು ಬಿಡು ಮಾರಾಯ. ನಿನ್ನ ಗಂಟು ಎಂತ ಹೋಗ್ತದೆ? ಆ ಹೆಂಗಸಿಗೆ ಸ್ವಲ್ಪ ಸಮಾಧಾನ" ಎಂದ. ಅವನ ಮೇಲೆ ತಪ್ಪು ಹಾಕುವುದಿಲ್ಲ. ಬರೆದ ಕೈ ನನ್ನದು. ಒಡೆದ ಪೆಟ್ಟಿಗೆಗೆ ಟೇಪು ಸುತ್ತಿ ಏನೂ ಆಗಿಲ್ಲ ಎಂದು ಕಳಿಸಿ ಕಳಿಸಿ ಅಭ್ಯಾಸವಾಗಿ ಹೋಗಿದೆ. ನಿಮಗೂ ಅದನ್ನೇ ಮಾಡಿದೆ.

ನೀವು ಪಾಯಸ ಮಾಡಿದ ಕಾಗದ ಬಂದಾಗಲೇ ಹೇಳಬೇಕಿತ್ತು. ಹೆದರಿದೆ. ಕೆಲವು ದಿನದಲ್ಲಿ ನೀವೇ ಮರೆಯುತ್ತೀರಿ ಎಂದುಕೊಂಡೆ. ನನ್ನ ಹೆಂಡತಿ ಪರಮೇಶ್ವರಿ, "ನೀವು ಹೋಗಿ ಕಾಲಿಗೆ ಬಿದ್ದು ಹೇಳಿ ಬನ್ನಿ" ಎಂದು ಎಷ್ಟೋ ಸಲ ಹೇಳಿದಳು. ಒಮ್ಮೆ ಬಸ್ಸಿನಲ್ಲಿ ನೆಕ್ರಾಜೆಯವರೆಗೆ ಬಂದಿದ್ದೆ. ಇಳಿಯದೆ ಮುಂದೆ ಹೋಗಿ, ಅಲ್ಲಿಂದ ಬೇರೆ ಬಸ್ಸಿನಲ್ಲಿ ಹಿಂದೆ ಬಂದೆ.

ಕಳೆದ ವಾರ ಕುಂಬ್ಡಾಜೆಯ ಯತಿನ್ ಎಂಬವರು ಗೋಡೌನಿಗೆ ಬಂದರು. ಗಲ್ಫಿನಿಂದ ರಜೆಯಲ್ಲಿ ಬಂದವರು. ಅವರ ಮಗಳು ತೃಷಾ ಜೊತೆಗಿದ್ದಳು. ಜಗಳಕ್ಕೆ ಬಂದದ್ದಲ್ಲ. "ಫೋನಿನಲ್ಲಿ ತೋರಿಸಿದ ಬಾತುಕೋಳಿಯ ಫ್ರಾಕು ಎಲ್ಲಿ ಹೋಯ್ತು ಅಂತ ಇವಳು ಒಂದೇ ಸಮ ಕೇಳ್ತಾಳೆ, ಒಮ್ಮೆ ನಿಮ್ಮಲ್ಲಿ ಹುಡುಕಿ ನೋಡುವ ಅಂತ ಬಂದೆ" ಎಂದರು. ಆ ಮಗು ನನ್ನ ಸೊಂಟಕ್ಕೆ ಸುತ್ತಿದ್ದ ಬೈರಾಸಿನ ತುದಿ ಹಿಡಿದು ಮೇಲೆ ನೋಡಿತು. ನಾನು ಇಲ್ಲ ಮಗಾ, ಇಲ್ಲಿ ಇಲ್ಲ ಎಂದೆ. ಅದು ನಿಜವೇ ಆಗಿತ್ತು. ಆದರೂ ಆ ದಿನ ಊಟ ಸೇರಲಿಲ್ಲ.

ಯತಿನ್ ಅವರ ಮನೆಯ ವಿಳಾಸ ಬೇರೆ ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಫ್ರಾಕನ್ನು ನನಗೆ ಕಳಿಸಿದರೂ ಸರಿ, ನಾನೇ ತಲುಪಿಸುತ್ತೇನೆ. ನಿಮ್ಮ ಮಗಳ ಮದುವೆ ತಪ್ಪಿದ್ದಕ್ಕೆ ಏನು ಮಾಡಬೇಕೋ ನನಗೆ ತೋಚುವುದಿಲ್ಲ. ಉಪ್ಪಳದವರ ಮನೆಗೆ ಹೋಗಿ, ಸುಳ್ಳು ಹೇಳಿದವನು ನಾನು ಎಂದು ಹೇಳಿ ಬರಲೇ? ನೀವು ಹೇಳಿದರೆ ನಾಳೆಯೇ ಹೋಗುತ್ತೇನೆ.

ತಲೆ ತಗ್ಗಿಸಿ,
ಧನರಾಜ್


ನೆಕ್ರಾಜೆ
13 ಮಾರ್ಚ್ 2024

ಧನರಾಜ್ ಅವರಿಗೆ,

ನಾನು ಸುಂದರಿಯವರ ಮಗಳು ನಿಶ್ಮಿತಾ. ನಿಮ್ಮ ಕಾಗದವನ್ನು ಅಮ್ಮ ಓದಿದರು. ಓದಿದ ಮೇಲೆ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಈಗ ಗಂಜಿ ಕುಡಿಯುತ್ತಿದ್ದಾರೆ.

ಉಪ್ಪಳಕ್ಕೆ ಹೋಗುವುದು ಬೇಡ. ಆ ಹುಡುಗನಿಗೆ ಬೇರೆ ಕಡೆ ನಿಶ್ಚಯವಾಗಿದೆ.

ನೀವು ಬರಬೇಡಿ. ಬರೆಯಲೂ ಬೇಡಿ. ನೀವು ಕೆಟ್ಟವರೆಂದು ನನಗೆ ಅನಿಸುವುದಿಲ್ಲ. ಆದರೆ ಅಮ್ಮ ಸಪೂರ ಆಗಿದ್ದಾರೆ.

ನಿಶ್ಮಿತಾ


ನೆಕ್ರಾಜೆ
19 ಆಗಸ್ಟ್ 2024

ಧನರಾಜರಿಗೆ,

ಮಗಳು ಬರೆಯಬೇಡಿ ಎಂದದ್ದು ನಿಮಗೆ, ನನಗಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಇದಕ್ಕೆ ಉತ್ತರ ಬೇಡ.

ಜೂನಿನಲ್ಲಿ ಶಾಲೆ ಶುರುವಾದ ಮೇಲೆ ನಾನೊಬ್ಬಳೇ ಕುಂಬ್ಡಾಜೆಗೆ ಹೋದೆ. ನೀವು ಕೊಟ್ಟ ಚೀಟಿಯನ್ನು ಬಸ್ಸಿನ ಕಂಡಕ್ಟರಿಗೆ ತೋರಿಸಿದರೆ ಅವನು ಇಳಿಸಿ ದಾರಿ ತೋರಿಸಿದ. ಯತಿನ್ ಆಗಲೇ ಗಲ್ಫಿಗೆ ಮರಳಿದ್ದರು. ಅವರ ಹೆಂಡತಿ ಅಶ್ಮಿತಾ ಒಳ್ಳೆಯ ಹುಡುಗಿ. ನನಗೆ ಕೇಳಿಸುವುದಿಲ್ಲ ಎಂದು ತಿಳಿದ ಕೂಡಲೇ ಎದುರು ಕೂತು ನಿಧಾನವಾಗಿ ತುಟಿ ಆಡಿಸಿದಳು. ಪೆಟ್ಟಿಗೆ ಅದಲು ಬದಲಾಗಿತ್ತು, ಫ್ರಾಕು ತಂದಿದ್ದೇನೆ ಎಂದೆ. ಬೇರೆ ಏನೂ ಹೇಳಲಿಲ್ಲ.

ಮಗು ಒಳಗಿನಿಂದ ಬಂತು. ಇದು ನನ್ನದಲ್ಲ ಎಂದು ನನಗೆ ಗೊತ್ತಿತ್ತು. ನಿಮ್ಮ ಕಾಗದವನ್ನು ಅಷ್ಟು ಸಲ ಓದಿದ್ದೆ. ಆದರೂ ಹುಡುಕಿದೆ. ಮೂಗು ನೋಡಿದೆ. ಕಿವಿಯ ಹಾಲೆ ನೋಡಿದೆ. ಕೂದಲನ್ನು ಹಿಂದಕ್ಕೆ ಸರಿಸಿ ಹಣೆ ನೋಡಿದೆ. ಅಶ್ಮಿತಾ ಏನೆಂದುಕೊಂಡಳೋ, ಸುಮ್ಮನೆ ಬಿಟ್ಟಳು. ಆ ಮುಖದಲ್ಲಿ ಹರಿ ಎಲ್ಲಿಯೂ ಇರಲಿಲ್ಲ. ಚಂದದ ಮಗು, ತನ್ನ ಅಪ್ಪ ಅಮ್ಮನ ಹಾಗೆ ಇದೆ.

ಫ್ರಾಕು ಅವಳಿಗೆ ಆಗಲಿಲ್ಲ. ಭುಜದಲ್ಲಿ ಸಿಕ್ಕಿಕೊಂಡಿತು. ಮಕ್ಕಳು ಯಾರಿಗೂ ಕಾಯುವುದಿಲ್ಲ ನೋಡಿ. ಅವಳು ಅದನ್ನು ಎದೆಗೆ ಹಿಡಿದುಕೊಂಡು ನನ್ನ ಕಡೆ ನೋಡಿ ಏನೋ ಹೇಳಿದಳು. ಚಿಕ್ಕವರ ತುಟಿ ಓದಲು ನನಗೆ ಬರುವುದಿಲ್ಲ. ಹೌದು ಎಂದು ತಲೆಯಾಡಿಸಿದೆ. "ಚಿಕ್ಕದಾಯ್ತಲ್ಲ, ನಿಮ್ಮಲ್ಲೇ ಇರ್ಲಿ ಅಮ್ಮ" ಎಂದಳು ಅಶ್ಮಿತಾ. ನನ್ನದಲ್ಲ ಎಂದು ಹೇಳಿ ಅಲ್ಲೇ ಇಟ್ಟು ಬಂದೆ.

ಮನೆಗೆ ಬಂದವಳೇ ಕಿಟ್ಟಣ್ಣನಿಗೆ ಹೇಳಿ ಕಳಿಸಿದೆ, ಬಾಯಾರಿನವರನ್ನು ಕೇಳಿ ಎಂದು. ಒಮ್ಮೆ ಬೇಡ ಎಂದ ಮನೆ ನಮ್ಮದು, ಅವರು ಒಪ್ಪಬೇಕೆಂದೇನೂ ಇರಲಿಲ್ಲ. ಒಪ್ಪಿದರು. ಹುಡುಗಿಯ ಅಪ್ಪ ತಿರುಮಲೇಶ್ವರ, ಪಾಪದ ಮನುಷ್ಯ. ಅವರೇ ಬಂದು, "ನಮ್ಮವಳಿಗೂ ಬಹಳ ವರ್ಷದಿಂದ ಯಾರೂ ಸಿಕ್ಕಿರಲಿಲ್ಲ ಅಕ್ಕ" ಎಂದರು. ಬದುಕಿರುವ ಮಗಳ ವಿಷಯ ಮಾತನಾಡುವ ಹಾಗೆಯೇ ಮಾತನಾಡಿದರು.

ಆಟಿ ಮುಗಿಯುವ ಮೊದಲು ಮದುವೆ ಮುಗಿಸಿದೆವು. ಎರಡು ಕುರ್ಚಿ ಇಟ್ಟು, ಒಂದರಲ್ಲಿ ಹರಿಯ ಪಂಚೆ, ಶರ್ಟು, ಇನ್ನೊಂದರಲ್ಲಿ ಧಾರೆ ಸೀರೆ, ಬಳೆ, ಮಲ್ಲಿಗೆ. ಮದುವೆಯಾಗದವರು ನೋಡಬಾರದು ಎಂದು ನಿಶ್ಮಿತಾಳನ್ನು ಪಕ್ಕದ ಮನೆಗೆ ಕಳಿಸಿದ್ದರು. ಅಣ್ಣನ ಮದುವೆಯ ದಿನ ಅವಳು ಬೇರೆಯವರ ಜಗಲಿಯಲ್ಲಿ ಕೂತಿದ್ದಳು. ಬಾಯಾರಿನವರು ತಮಾಷೆ ಕೂಡ ಮಾಡಿದರು. ಮದುಮಗ ತಲೆ ಎತ್ತುವುದಿಲ್ಲ, ಬಹಳ ನಾಚಿಕೆಯವನು ಎಂದು. ಎಲ್ಲರೂ ನಕ್ಕರು. ತುಟಿಗಳನ್ನು ನೋಡಿ ನಾನೂ ನಕ್ಕೆ. ಹೆಣ್ಣಿಗೆ ಸೀರೆ ಉಡಲು ಸಮಯ ಕೊಟ್ಟು ಎಲ್ಲರೂ ಬಾಗಿಲು ಮುಚ್ಚಿ ಹೊರಗೆ ನಿಂತೆವು. ಆಗ ನನಗೆ ಅಳು ಬಂತು. ಬದುಕಿದ್ದಾಗ ಮಾಡಲಾಗದ್ದನ್ನೆಲ್ಲ ಎಷ್ಟು ಚಂದಕ್ಕೆ ಮಾಡುತ್ತಿದ್ದೇವೆ ಎಂದು.

ಹರಿ ಈಗ ಒಂಟಿಯಲ್ಲ. ನನಗೂ ಸೊಸೆ ಬಂದಳು. ಸತ್ತವರಿಗೆ ಬಡಿಸುವ ದಿನ ಎರಡು ಎಲೆ ಹಾಕಿದೆ, ಅವನದ್ದೊಂದು, ಅವಳದ್ದೊಂದು. ನಿಶ್ಮಿತಾ ಬಂದು ನನ್ನ ಪಕ್ಕದಲ್ಲಿ ಕೂತು ಬಡಿಸಲು ಸಹಾಯ ಮಾಡಿದಳು. ಈಗ ನನ್ನ ಕಡೆ ಮುಖ ಮಾಡುತ್ತಾಳೆ.

ನಿಮ್ಮ ಮೇಲೆ ನನಗೆ ಸಿಟ್ಟು ಉಂಟು. ಇಲ್ಲ ಎಂದು ಬರೆದರೆ ನಾನೂ ನಿಮ್ಮ ಹಾಗೆಯೇ ಆಗುತ್ತೇನೆ. ನೀವು ಕನಿಕರದಿಂದ ಬರೆದಿರಿ, ಅದು ನನಗೆ ತಿಳಿಯುತ್ತದೆ. ಮೊದಲ ಕಾಗದದಲ್ಲೇ ನಿಂತಿದ್ದರೆ ನಾನು ನಿಮ್ಮನ್ನು ಬೈದು, ಮಗನಿಗಾಗಿ ಅತ್ತು, ಸುಮ್ಮನಾಗುತ್ತಿದ್ದೆ. ಆ ಎರಡನೆಯ ಕಾಗದ ಬಂದ ಮೇಲೆ ಅಪ್ಪಿ ಈ ಮನೆಯಲ್ಲಿದ್ದಳು. ಬೆಳಿಗ್ಗೆ ಎದ್ದು ಅವಳು ಎಷ್ಟು ಉದ್ದವಾಗಿರಬಹುದು ಎಂದು ಗೋಡೆಯಲ್ಲಿ ಕೈ ಇಟ್ಟು ನೋಡುತ್ತಿದ್ದೆ. ಗಂಜಿಗೆ ಬೆಲ್ಲ ಹಾಕಿದರೆ ಇಷ್ಟಪಡುತ್ತಾಳೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ನನ್ನ ಕಿವಿ ಕೇಳುವುದಿಲ್ಲ, ಆದರೂ ಅವಳ ಸ್ವರ ನನಗೆ ಗೊತ್ತಿತ್ತು.

ಆ ದಿನ ಬಡಿಸುವಾಗ ಕೈಗೆ ಮೂರನೆಯ ಎಲೆ ಬಂತು. ನಿಶ್ಮಿತಾ ನನ್ನ ಮುಖ ನೋಡಿದಳು. ನಾನು ಕಿಟ್ಟಣ್ಣನನ್ನು ಕೇಳಿದೆ. ಅವರು ಪಾಟಿಯಲ್ಲಿ ಬರೆದರು. ಸತ್ತವರಿಗೆ ಮಾತ್ರ ಅತ್ತಿಗೆ, ಹುಟ್ಟದವರಿಗೆ ಹಾಕುವ ಕ್ರಮ ಇಲ್ಲ.

ಎಲೆಯನ್ನು ಒಳಗೆ ಇಟ್ಟೆ.

ಸುಂದರಿ